ಕಲೋನ್‌ಗೆ ಬಂದ ದಾವಣಗೆರೆ, ದುರ್ಗದವರಿಗೆ: ಸದ್ದಿನ ವಿಷಯ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಜರ್ಮನಿಯ ಕಲೋನ್‌ಗೆ ಬಂದವರು ಮನೆ ಬಾಡಿಗೆ, ವಿಮೆ, ಟ್ರಾಮ್ ಪಾಸು, ಎಲ್ಲದರ ಬಗ್ಗೆ ಕೇಳುತ್ತಾರೆ. ಸದ್ದಿನ ಬಗ್ಗೆ ಯಾರೂ ಕೇಳುವುದಿಲ್ಲ. ಅಕ್ಕಪಕ್ಕದವರ ಜೊತೆ ಮೊದಲು ಮನಸ್ತಾಪ ಆಗುವುದು ಮಾತ್ರ ಅದರಿಂದಲೇ.

ನನ್ನದೇ ಹೇಳುತ್ತೇನೆ. ಬಂದ ಮೊದಲ ಚಳಿಗಾಲ. ಶನಿವಾರ ರಾತ್ರಿ ಹತ್ತೂವರೆ. ಬೆಣ್ಣೆದೋಸೆ ತಿನ್ನುವ ಆಸೆಯಾಗಿ ನೆನೆಹಾಕಿದ್ದ ಅಕ್ಕಿ, ಉದ್ದು, ಮಂಡಕ್ಕಿಯನ್ನು ಮಿಕ್ಸಿಗೆ ಹಾಕಿದೆ. ಎರಡನೇ ಜಾರ್ ತಿರುಗುವಾಗ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ ಶಾಲು ಹೊದ್ದು ನಿಂತಿದ್ದರು. ಗೋಡೆ ಕೊರೀತಿದ್ದೀರಾ ಅಂತ ಕೇಳಿದರು. ಒಳಗೆ ಕರೆದು ಜಾರ್ ತೋರಿಸಿದೆ. ಹಿಟ್ಟು ನೋಡಿದರು, ಗೋಡೆ ಗಡಿಯಾರ ನೋಡಿದರು, ಏನೂ ಅನ್ನದೆ ಇಳಿದು ಹೋದರು. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಇಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗದ್ದಲ ಮಾಡುವಂತಿಲ್ಲ. ಇದು ಕಾನೂನು. ಭಾನುವಾರವಂತೂ ಇಡೀ ದಿನ ಡ್ರಿಲ್ ಬೇಡ, ಹುಲ್ಲು ಕತ್ತರಿಸುವ ಮಷೀನ್ ಬೇಡ, ಖಾಲಿ ಬಾಟಲಿಗಳನ್ನು ಬೀದಿಯ ಡಬ್ಬಿಗೆ ಹಾಕುವುದೂ ಬೇಡ. ಭಾನುವಾರದ ಬಿಡುವನ್ನು ಅವರ ಸಂವಿಧಾನವೇ ಕಾಯುತ್ತದೆ. ನಿಮ್ಮ ಕಟ್ಟಡದ ನಿಯಮದ ಹಾಳೆಯನ್ನು ಮೊದಲ ವಾರವೇ ಯಾರಿಂದಾದರೂ ಓದಿಸಿಕೊಳ್ಳಿ. ಇದು ನಮಗೆ ತೀರಾ ಹೊಸದೂ ಅಲ್ಲ. ನಮ್ಮ ದೇಶದಲ್ಲೂ 2000ನೇ ಇಸವಿಯ ನಿಯಮದಲ್ಲಿ ರಾತ್ರಿ ಧ್ವನಿವರ್ಧಕಕ್ಕೆ ಇದೇ 10ರಿಂದ 6ರ ಗಡಿ ಇದೆ.

ಹಾಗಂತ ಇವರು ಸದ್ದನ್ನೇ ಸಹಿಸದ ಜನ ಅಂದುಕೊಳ್ಳಬೇಡಿ. ನಾನು ಎರಡು ವರ್ಷ ಹಾಗೇ ಅಂದುಕೊಂಡು ಮನೆಯಲ್ಲಿ ಪಿಸುಗುಟ್ಟುತ್ತಾ ಬದುಕಿದೆ. ಅದು ತಪ್ಪು. ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಇಲ್ಲಿ ಕಾರ್ನಿವಲ್ ಶುರುವಾಗುತ್ತದೆ. ಬ್ಯಾಂಡು, ಹಾಡು, 'ಆಲಾಫ್' ಅನ್ನುವ ಕೂಗು. ದುರ್ಗಮ್ಮನ ಜಾತ್ರೆಯಲ್ಲಿ ಓಡಾಡಿದವರಿಗೆ ಆ ಜನಜಂಗುಳಿ ತವರಿನಂತೆಯೇ ಕಾಣುತ್ತದೆ.

ಇಲ್ಲಿನ ದೊಡ್ಡ ಚರ್ಚಿನಲ್ಲಿ 1923ರಲ್ಲಿ ಎರಕ ಹೊಯ್ದ ಗಂಟೆಯೊಂದಿದೆ. ಸುಮಾರು 24 ಟನ್ ತೂಕ. ಊರವರು ಅದನ್ನು 'ದಪ್ಪ ಪೀಟರ್' ಅಂತ ಮನೆಮಗನ ಹಾಗೆ ಕರೆಯುತ್ತಾರೆ. ದೊಡ್ಡ ಹಬ್ಬಗಳಿಗಷ್ಟೇ ಬಾರಿಸುತ್ತಾರೆ. 2011ರ ಜನವರಿ 6ರಂದು ಅದರ ನಾಲಿಗೆ ಕಳಚಿ ಬಿತ್ತು. ಹೊಸದು ಕೂರುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಆ ವರ್ಷದ ಈಸ್ಟರ್ ಹಬ್ಬದ ಹಾಗೇ ಇರಲಿಲ್ಲ ಅಂತ ಹೇಳುವಾಗ ಕೆಳಗಿನ ಮನೆಯ ಅಜ್ಜಿಯ ಗಂಟಲು ಕಟ್ಟಿತ್ತು. ಅವತ್ತು ನಾನು ನಮ್ಮಜ್ಜನ ವಿಷಯ ಹೇಳಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಅಜ್ಜ ಹತ್ತಿ ಗಿರಣಿಯ ಸೈರನ್ ಕೇಳಿ ಬುತ್ತಿ ಹಿಡಿದು ಹೊರಡುತ್ತಿದ್ದರು. ಗಿರಣಿ ಮುಚ್ಚಿದ ಮೇಲೂ ಅದೇ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕೆಳಗಿನ ಮನೆಯ ಅಜ್ಜಿ ನನ್ನ ಕೈ ಹಿಡಿದು ಸುಮ್ಮನೆ ಕೂತರು.

ನಮಗೆ ಸದ್ದು ಅಂದರೆ ಕರೆ. ಓಬವ್ವನ ಕಥೆಯಲ್ಲಿ ಅವಳ ಗಂಡನ ಹೆಸರು ಕಹಳೆ ಮುದ್ದ ಹನುಮ. ದುರ್ಗದ ಕೋಟೆ ಕಾಯುವವನ ಕಹಳೆ ಅವನ ಹೆಸರಿಗೇ ಅಂಟಿದೆ. ಓಣಿಯ ತುದಿಯಲ್ಲಿ ಸಮಾಳ ಕೇಳಿದರೆ ನಂದಿಕೋಲು ಬಂತು, ಬಾಗಿಲಿಗೆ ನೀರು ಹಾಕ್ರಿ ಅಂತ ಅರ್ಥ. ಆ ಅರ್ಥ ಗೊತ್ತಿಲ್ಲದವರಿಗೆ ಅದು ಬರೀ ಗಲಾಟೆ. ಅದು ಅವರ ತಪ್ಪಲ್ಲ. ಮೊದಲೇ ಹೇಳಬೇಕಾದವರು ನಾವು.

ಗಣೇಶನ ಹಬ್ಬಕ್ಕೆ ಊರಿಂದ ಬಂದ ಹುಡುಗರು ಡಿಜೆ ಕೇಳುತ್ತಾರೆ. ದಯವಿಟ್ಟು ಬೇಡ ತಮ್ಮಾ. ಎದೆ ನಡುಗಿಸುವ ಆ ಪೆಟ್ಟಿಗೆಗಳಲ್ಲಿ ನಮ್ಮೂರು ಇಲ್ಲ. ಸಮಾಳ, ಡೊಳ್ಳಿನಲ್ಲಿದೆ. ಹಾಲ್ ಹಿಡಿದು, ಕಿಟಕಿ ಮುಚ್ಚಿ, ಮನಸ್ಸು ತುಂಬುವಷ್ಟು ಬಾರಿಸಿ, ಹತ್ತರೊಳಗೆ ಮುಗಿಸಿ. ಬೀದಿ ಮೆರವಣಿಗೆ ಬೇಕೆಂದರೆ ನಗರ ಕಚೇರಿಯ ಅನುಮತಿ ಮೊದಲೇ ಪಡೆಯಿರಿ. ದೀಪಾವಳಿಗೆ ಪಟಾಕಿ ಹೊಡೆಯಬೇಡಿ. ಇಲ್ಲಿ ಅದಕ್ಕೆ ಡಿಸೆಂಬರ್ 31 ಮತ್ತು ಜನವರಿ 1 ಮಾತ್ರ. ಮಕ್ಕಳಿಗೆ ಈ ಮಾತು ಹೇಳುವುದು ಕಷ್ಟ, ನನಗೂ ಪ್ರತಿ ವರ್ಷ ಕಷ್ಟವೇ ಆಗುತ್ತದೆ.

ಟ್ರಾಮಿನಲ್ಲಿ ಅಮ್ಮನ ಫೋನ್ ಬಂದರೆ ಸ್ಪೀಕರ್ ಹಾಕಬೇಡಿ. ನಮ್ಮ ಪ್ರೀತಿಯ ಮಾತೂ ಇಲ್ಲಿಯವರಿಗೆ ಜಗಳದ ಹಾಗೆ ಕೇಳುತ್ತದೆ. 'ಇಳಿದ ಮೇಲೆ ಮಾಡ್ತೀನಿ ಕಣಮ್ಮಾ' ಅಂದರೆ ಸಾಕು.

ಮನೆಯಲ್ಲೇ ಪೂಜೆ ಇದ್ದರೆ ಮೂರು ದಿನ ಮುಂಚೆ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿ. ನಾನು ಪ್ರತಿ ವರ್ಷ ಅಂಟಿಸುವುದು ಇಷ್ಟು, ಜರ್ಮನ್‌ನಲ್ಲಿ: 'ಶನಿವಾರ ನಮ್ಮ ಮನೆಯಲ್ಲಿ ಗಣೇಶನ ಪೂಜೆ. ಸಂಜೆ 5ರಿಂದ 7ರವರೆಗೆ ಗಂಟೆ, ತಾಳ, ಭಜನೆ ಇರುತ್ತದೆ. ತೊಂದರೆಯಾದರೆ ಬೆಲ್ ಒತ್ತಿ. ದೋಸೆ ತಿನ್ನಬೇಕು ಅನಿಸಿದರೂ ಒತ್ತಿ.'