ಪೇಟೆಗೂ ಕಾನಿಗೂ ಒಂದೇ ಬೈಕು: ನನ್ನ ಅನುಭವ

ಪೇಟೆಗೆ ಸ್ಪ್ಲೆಂಡರ್, ಕಾನಿಗೆ ಅಂದರೆ ಕಾಡಿನ ದಾರಿಗೆ ಜೀಪು. ಶಿರಸಿ ಕಡೆ ಇದೊಂದು ಲೆಕ್ಕ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಎರಡಕ್ಕೂ ಒಂದೇ ಬೈಕು ಸಾಕು ಅಂತ ನಾನು ಹೇಳಿದಾಗ ಒಬ್ಬರೂ ಹೂಂ ಅನ್ನಲಿಲ್ಲ. ಈಗ ಒಂದು ಮಳೆಗಾಲ ಕಳೆದು ಮತ್ತೊಂದೂ ಮುಗಿದಿದೆ. ಗಾಡಿ ಓಡುತ್ತಿದೆ, ಕೆಲಸ ನಡೆಯುತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು ಇನ್ವರ್ಟರ್ ರಿಪೇರಿ ಕೆಲಸ. ಗಾಳಿಗೆ ಮರ ಬಿದ್ದು ಲೈನ್ ಹೋದಾಗಲೇ ನನಗೆ ಫೋನ್ ಬರೋದು. ಅಂದರೆ ರಸ್ತೆ ಹಾಳಾದ ದಿನವೇ ಕೆಲಸ ಜಾಸ್ತಿ. ಹುಲೇಕಲ್, ವಾನಳ್ಳಿ, ಜಡ್ಡಿಗದ್ದೆ ಒಂದು ಕಡೆ. ರಾಗಿಹೊಸಳ್ಳಿ, ಬಂಡಲ ಇನ್ನೊಂದು ಕಡೆ. ಡಾಂಬರು ಮುಗಿದ ಮೇಲೆ ಕೆಂಪು ಮಣ್ಣು, ಆಮೇಲೆ ತೋಟಕ್ಕೆ ಇಳಿಯುವ ದಾರಿ. ಉಳಿದ ದಿನ ಬಿಡ್ಕಿಬೈಲು, ಯಲ್ಲಾಪುರ ನಾಕಾ ಅಂತ ಪೇಟೆಯಲ್ಲೇ ಸುತ್ತಾಟ.

ಮೊದಲು ಇದ್ದದ್ದು ಸ್ಪ್ಲೆಂಡರ್. ಅದರ ಮೇಲೆ ನನಗೆ ದೂರಿಲ್ಲ. 112 ಕಿಲೋ ತೂಕ, ಸಣ್ಣ ಅಗಲದ 18 ಇಂಚಿನ ಚಕ್ರ, ಕೆಸರನ್ನು ಸೀಳಿಕೊಂಡೇ ಹೋಗುತ್ತದೆ. ಆದರೆ ನೆಲದಿಂದ ಎತ್ತರ 165 ಮಿಲಿಮೀಟರ್ ಅಷ್ಟೇ. ಜೀಪು ಓಡಾಡಿ ಬಿದ್ದ ಗಾಲಿಜಾಡಿನಲ್ಲಿ ಇಳಿದರೆ ಕಲ್ಲು ಸೀದಾ ಎಂಜಿನ್ ಹೊಟ್ಟೆಗೆ ಹೊಡೆಯುತ್ತದೆ. ನನ್ನ ಟೂಲ್ ಬ್ಯಾಗು ಬೇರೆ 15 ಕಿಲೋ ಹತ್ತಿರ. ಹೀಗಾಗಿ ಮಳೆಗಾಲದಲ್ಲಿ ದೂರದ ಕೆಲಸಕ್ಕೆ ಬಾಡಿಗೆ ಜೀಪು ಹಿಡಿಯುತ್ತಿದ್ದೆ. ಒಂದು ಸಲ ಹೋಗಿ ಬಂದರೆ 800ರಿಂದ 1,000 ರೂಪಾಯಿ. ಅರ್ಧ ಗ್ರಾಹಕರು ಕೊಡುತ್ತಿದ್ದರು, ಅರ್ಧ ನನ್ನ ಮೈಮೇಲೆ. ಒಂದು ಮಳೆಗಾಲದ ಕೊನೆಗೆ ಕೂತು ಕೂಡಿಸಿದೆ. ನನ್ನ ಕೈಯಿಂದ ಹೋದದ್ದೇ 22-23 ಸಾವಿರ ಆಗಿತ್ತು. ಬೇರೆ ಬೈಕು ನೋಡಲೇಬೇಕು ಅಂತ ಅನ್ನಿಸಿದ್ದು ಆ ಲೆಕ್ಕ ನೋಡಿ.

ಸಲಹೆಗೇನೂ ಬರವಿರಲಿಲ್ಲ. ಒಬ್ಬರು ಹಳೇ ಆರ್‌ಎಕ್ಸ್ 100 ಹುಡುಕು ಅಂದರು. ಒಳ್ಳೆ ಗಾಡಿಯೇ, ಆದರೆ ದಿನಾ ದುಡಿಸಲು 1996ರಲ್ಲೇ ನಿಂತುಹೋದ ಗಾಡಿ ಯಾಕೆ? ಇನ್ನೊಬ್ಬರು, ಹೆಂಗೂ ದುಡ್ಡು ಹಾಕುತ್ತೀಯಲ್ಲ, ಇನ್ನೊಂದು 50 ಸಾವಿರ ಸೇರಿಸಿ 400 ಸಿಸಿದೇ ತಗೋ ಅಂದರು. ನಮ್ಮ ಮೆಕ್ಯಾನಿಕ್ ಮಾತ್ರ ಏನೂ ತಗೊಳ್ಳಬೇಡ ಅಂದ. 'ಎತ್ತರದ ಗಾಡಿ ಶೋಕಿಗೆ ಮಾರಾಯಾ, ದುಡಿಮೆಗಲ್ಲ' ಅನ್ನೋದು ಅವನ ಮಾತು.

ನಾನು ಸಿಸಿ ನೋಡಲಿಲ್ಲ, ಯೂಟ್ಯೂಬ್ ವಿಡಿಯೋನೂ ನೋಡಲಿಲ್ಲ. ವಾನಳ್ಳಿ ರಸ್ತೆಯಿಂದ ಒಳಗೆ ಒಂದು ಅರ್ಧ ಕಿಲೋಮೀಟರ್ ದಾರಿ ನನಗೆ ಚೆನ್ನಾಗಿ ಗೊತ್ತು. ಶುರುವಿಗೆ ಹಾವಸೆ (ಪಾಚಿ) ಹಿಡಿದ ಸಿಮೆಂಟ್ ತುಂಡು, ಆಮೇಲೆ ಚಿರೆಕಲ್ಲು ಎದ್ದ ಏರು, ಮಧ್ಯೆ ಒಂದು ಸಣ್ಣ ಹಳ್ಳ, ಕೊನೆಗೆ ಎಂಟು ಅಡಿ ಅಗಲದ ಜಾಗದಲ್ಲಿ ಗಾಡಿ ತಿರುಗಿಸಬೇಕು. ಒಂದು ಕಡೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಕಡೆ ತೋಟ. ಪರಿಚಯದವರ ಹತ್ತಿರ ಯಾವ್ಯಾವ ಗಾಡಿ ಇತ್ತೋ ಎಲ್ಲವನ್ನೂ ಕೇಳಿ ತಂದು ಅದೇ ದಾರಿಯಲ್ಲಿ ಹೊಡೆದೆ. ಅದೇ ದಿನ ಪೇಟೆಯಲ್ಲೂ ಒಂದು ಸುತ್ತು. ಬೇರೆ ಬೇರೆ ದಾರಿಯಲ್ಲಿ ನೋಡಿದರೆ ಹೋಲಿಕೆಗೆ ಅರ್ಥವಿಲ್ಲ.

ಇದರಲ್ಲಿ ನನಗೆ ಮುಖ್ಯವಾದದ್ದು ಎತ್ತುವ ಪರೀಕ್ಷೆ. ಗಾಡಿಯನ್ನು ಮೆಲ್ಲಗೆ ಮಣ್ಣಿನ ಮೇಲೆ ಮಲಗಿಸಿ, ಒಬ್ಬನೇ ಎತ್ತಬೇಕು. ಅದೂ ಮಳೆಕೋಟು, ಗಂಬೂಟು ಹಾಕಿಕೊಂಡೇ. ಹ್ಯಾಂಡಲ್ ನೆಲದ ಕಡೆ ಪೂರ್ತಿ ತಿರುಗಿಸಿ, ಬೆನ್ನು ಸೀಟಿಗೆ ಕೊಟ್ಟು, ಕಾಲಿನ ಬಲದಲ್ಲಿ ಹಿಂದಕ್ಕೆ ನೂಕಿಕೊಂಡು ಏಳಬೇಕು. ಇಳಿಜಾರಿನಲ್ಲಿ ಬಿದ್ದರೆ ಮೊದಲು ಫುಟ್‌ರೆಸ್ಟ್ ಮೇಲೆ ಗಾಡಿಯನ್ನು ಗರಕ್ಕನೆ ತಿರುಗಿಸಿ ಚಕ್ರ ಕೆಳಗಿನ ಕಡೆ ಮಾಡಿಕೊಳ್ಳಬೇಕು. ಸ್ನೇಹಿತನ ದೊಡ್ಡ ಗಾಡಿ, 200 ಕಿಲೋ ಹತ್ತಿರದ್ದು, ಆ ಏರಿನಲ್ಲಿ ಜಾಡಿಗೆ ಬಿತ್ತು. ಒಣ ನೆಲದಲ್ಲಿ ಅದನ್ನು ನಾನೊಬ್ಬನೇ ಎತ್ತಿದ್ದೆ. ಕೆಸರಿನಲ್ಲಿ ಕಾಲು ಜಾರಿ ಜಾರಿ ಆಗಲೇ ಇಲ್ಲ. ಇಬ್ಬರು ಸೇರಿ, ಅಡಿಕೆ ದಬ್ಬೆ ಕೊಟ್ಟು ಮೀಟಿ, ಅರ್ಧ ಗಂಟೆ ಒದ್ದಾಡಿದೆವು. ಸಂಜೆ ಆರು ಗಂಟೆಗೆ, ನೆಟ್‌ವರ್ಕ್ ಇಲ್ಲದ ಕಡೆ, ಒಬ್ಬನೇ ಇದ್ದರೆ? 160 ಕಿಲೋ ಮೇಲಿನದ್ದು ಬೇಡ ಅಂತ ಅವತ್ತೇ ಗೆರೆ ಎಳೆದೆ.

ಎರಡನೆಯದು ಕ್ಲಚ್ ಪೂರ್ತಿ ಬಿಟ್ಟು ಫಸ್ಟ್ ಗೇರಿನಲ್ಲಿ ನಡೆಯುವ ವೇಗದಲ್ಲಿ ಗಾಡಿ ಹೋಗುತ್ತದಾ ಅಂತ. ಪೇಟೆಯಲ್ಲೂ ಇದೇ ಬೇಕು, ಕಾನಿನಲ್ಲೂ ಇದೇ ಬೇಕು. ಮೂರನೆಯದು ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಿದರೆ ಹ್ಯಾಂಡಲ್ ಕೈಗೆ ಸಿಗುತ್ತದಾ, ಬೆನ್ನು ಬಗ್ಗುತ್ತದಾ ಅಂತ. ಸ್ಕೂಟರ್‌ಗಳು ಇಲ್ಲೇ ಹೊರಗೆ ಹೋದವು.

ಕೊನೆಗೆ ಉಳಿದದ್ದು ಹೀರೋ ಕಂಪನಿಯ ಎಕ್ಸ್‌ಪಲ್ಸ್ 200. 2019ರಲ್ಲಿ ಬಂದ ಗಾಡಿ. ತೂಕ 157 ಕಿಲೋ ಆಸುಪಾಸು, ನೆಲದಿಂದ 220 ಮಿಲಿಮೀಟರ್, ಮುಂದಿನ ಚಕ್ರ 21 ಇಂಚು, ಹಿಂದಿನದು 18 ಇಂಚು. 18 ಹಾರ್ಸ್‌ಪವರ್ ಹತ್ತಿರ. ಹೈವೇಯಲ್ಲಿ ಹಾರಿಸುವವರಿಗೆ ಕಮ್ಮಿ ಅನ್ನಿಸಬಹುದು, ದೇವಿಮನೆ ಘಟ್ಟ ಹತ್ತಲು ಧಾರಾಳ. ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಮುಂದಿನ ಚಕ್ರಕ್ಕೆ ಮಾತ್ರ ಇರುವ ಮಾಡೆಲ್ಲನ್ನೇ ಹುಡುಕಿದೆ. ಮಣ್ಣಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಲಾಕ್ ಆಗಬೇಕು, ಆಗಲೇ ಗಾಡಿ ನಮ್ಮ ಮಾತು ಕೇಳೋದು.

ಹೊಸದು ನನ್ನ ಲೆಕ್ಕಕ್ಕೆ ಬರಲಿಲ್ಲ. ಸೆಕೆಂಡ್ ಹ್ಯಾಂಡ್ ನೋಡಿದೆ. ಅರ್ಧಕ್ಕರ್ಧ ಗಾಡಿಗಳನ್ನು ಚಕ್ರದ ಕಡ್ಡಿ (ಸ್ಪೋಕ್) ನೋಡಿಯೇ ಬೇಡ ಅಂತ ಬಿಟ್ಟೆ. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಸಣ್ಣ ಸ್ಪ್ಯಾನರಿನಿಂದ ಒಂದೊಂದು ಕಡ್ಡಿಗೂ ತಟ್ಟಬೇಕು. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ. ಸಡಿಲ ಆದದ್ದು ಟಪ್ ಅನ್ನುತ್ತದೆ. ಅಕ್ಕಪಕ್ಕದ ನಾಲ್ಕೈದು ಕಡ್ಡಿ ಟಪ್ ಅಂದರೆ ಆ ಜಾಗದಲ್ಲಿ ರಿಮ್ಮಿಗೆ ಕಲ್ಲು ಬಡಿದಿದೆ ಅಂತಲೇ ತಿಳಿಯಿರಿ. ಆಮೇಲೆ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ ನೋಡಬೇಕು. ನಡುವಿನಲ್ಲಿ ಸಣ್ಣಗೆ ಕಚ್ಚಿ ನಿಂತರೆ ಬೇರಿಂಗ್ ಹೋಗಿದೆ. ಎಂಜಿನ್ ಕೆಳಗಿನ ತಗಡನ್ನು ಬಗ್ಗಿ ನೋಡಿ, ಮೇಲಿನ ಪಾಲಿಶ್ ಹೇಳದ ಕಥೆಯನ್ನೆಲ್ಲ ಅದು ಹೇಳುತ್ತದೆ. ಬೆಲೆ ಇಳಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಗಾಡಿ ತಗೊಳ್ಳುವುದಿದೆ! ಅಂತೂ 90 ಸಾವಿರದ ಒಳಗೆ ಮುಗಿಯಿತು. ಸ್ಪ್ಲೆಂಡರ್ ಮಾರಿ 38 ಸಾವಿರ ಬಂತು.

ಗಾಡಿ ಮನೆಗೆ ಬಂದ ಮೇಲೆ ಖರ್ಚು ಶುರು. ಸೋತದ್ದೂ ಇಲ್ಲೇ ಜಾಸ್ತಿ. ಮೊದಲು ಪೂರ್ತಿ ಗಟ್ಟಿ ಗುಬ್ಬಿಯ, ಅಂದರೆ ಮೈಮೇಲೆ ರಬ್ಬರಿನ ಉಬ್ಬುಗಳಿರುವ, ಟೈರು ಹಾಕಿಸಿದೆ. ಕೆಂಪು ಮಣ್ಣಿನಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಒದ್ದೆ ಡಾಂಬರಿನ ತಿರುವಿನಲ್ಲಿ ನಂಬಿಕೆಯೇ ಬರಲಿಲ್ಲ. ಪೇಟೆ ಓಡಾಟಕ್ಕೆ ನಡುವಿನ ಗುಬ್ಬಿ ಸವೆದು, ನಾಲ್ಕೈದು ಸಾವಿರ ಕಿಲೋಮೀಟರಿಗೆ ಹಿಂದಿನ ಟೈರು ಚಪ್ಪಟೆ ಆಯಿತು. ಹೆಚ್ಚುಕಮ್ಮಿ 4 ಸಾವಿರ ರೂಪಾಯಿ ಅಲ್ಲಿಗೆ ಹೋಯಿತು. ಆಮೇಲೆ ಅರ್ಧ ರಸ್ತೆ, ಅರ್ಧ ಮಣ್ಣಿನ ಟೈರು ಹುಡುಕಿದೆ. ಶಿರಸಿಯಲ್ಲಿ ಸಿಗದೆ ಹುಬ್ಬಳ್ಳಿಯಿಂದ ತಂದೆ. ಜೋಡಿಗೆ ಟ್ಯೂಬ್ ಸೇರಿ ಏಳೂವರೆ ಸಾವಿರ ಚಿಲ್ಲರೆ. ಸೈಜು ಕಂಪನಿಯದ್ದೇ, ಮುಂದೆ 90/90-21, ಹಿಂದೆ 120/80-18. ಅಗಲ ಜಾಸ್ತಿ ಮಾಡಬೇಡಿ, ಕೆಸರಿಗೆ ಅಗಲ ಟೈರು ತೇಲುತ್ತದೆ, ಕಚ್ಚುವುದಿಲ್ಲ.

ಗಾಳಿ ಎಷ್ಟು ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಪೇಟೆಯಲ್ಲಿ ಕಂಪನಿ ಹೇಳಿದಷ್ಟೇ. ಮಣ್ಣು ಶುರುವಾಗುವಲ್ಲಿ ಇಳಿಸಿ 18-20 ಪಿಎಸ್‌ಐಗೆ ತರುತ್ತೇನೆ. ಅದಕ್ಕಿಂತ ಕೆಳಗೆ ಹೋದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತು ಬರುತ್ತದೆ. ಬ್ಯಾಗಿನಲ್ಲಿ ಸೈಕಲ್ ಪಂಪು ಯಾವಾಗಲೂ ಇರುತ್ತದೆ. ಜೊತೆಗೆ 21 ಇಂಚಿನ ಒಂದು ಟ್ಯೂಬು. ಹಳ್ಳಿ ಪಂಕ್ಚರ್ ಅಂಗಡಿಯಲ್ಲಿ ಆ ಸೈಜು ಸಿಗುವುದಿಲ್ಲ. ತೀರಾ ಆದರೆ ಅದೇ ಟ್ಯೂಬನ್ನು ಹಿಂದಿನ ಚಕ್ರಕ್ಕೂ ತುರುಕಿ ಮನೆ ಮುಟ್ಟಬಹುದು, ನಾನು ಮುಟ್ಟಿದ್ದೇನೆ. ಟ್ಯೂಬಿನೊಳಗೆ ಸೀಲೆಂಟ್ ಹಾಕಿ ನೋಡಿದೆ. ಸಣ್ಣ ಮುಳ್ಳಿಗೆ ಸರಿ, ಮೊಳೆ ಟ್ಯೂಬನ್ನು ಹರಿದರೆ ಪ್ರಯೋಜನ ಇಲ್ಲ. ಮೇಲಾಗಿ ಆ ಜಿಡ್ಡಿನ ಮೇಲೆ ಪ್ಯಾಚ್ ಕೂರುವುದಿಲ್ಲ. ಬಿಟ್ಟೆ.

ಹಾವಸೆ ಹಿಡಿದ ಸಿಮೆಂಟಿಗೆ ಮಾತ್ರ ಯಾವ ಟೈರೂ ಇಲ್ಲ. ಸೆಕೆಂಡ್ ಗೇರು, ನೇರ ಗೆರೆ, ಬ್ರೇಕ್ ಮುಟ್ಟಬಾರದು. ಜುಲೈನಲ್ಲಿ ನಾನು ಹಿಂದಿನ ಟೈರಿಗೆ ಇನ್ನೂ ಒಂದು ಉಪಾಯ ಮಾಡುತ್ತೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ, ಬರೆದರೆ ಯಾರಾದರೂ ಅರ್ಧಂಬರ್ಧ ಮಾಡಿ ಬಿದ್ದಾರು.

ಮುಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ತೆಗೆದು ಒಂದು ಹಲ್ಲು ಕಮ್ಮಿಯದನ್ನು ಹಾಕಿದ್ದು ಬೇರೆಯೇ ಕಥೆ. ಏರಿನಲ್ಲಿ ಗಾಡಿ ಎಷ್ಟು ಸಲೀಸಾಯಿತು ಅಂದರೆ, ಕ್ಲಚ್ ಹಿಡಿಯುವುದೇ ಮರೆತುಹೋಯಿತು. ಬಿಡ್ಕಿಬೈಲಿನ ಗಲಾಟೆಯಲ್ಲೂ ಸುಖ. ಆದರೆ ಹುಬ್ಬಳ್ಳಿಗೆ ಹೊರಟರೆ 80ರಲ್ಲೇ ಎಂಜಿನ್ ಅರಚುತ್ತದೆ, ಮೈಲೇಜೂ ಲೀಟರಿಗೆ ಎರಡು ಕಿಲೋಮೀಟರ್ ಕಮ್ಮಿ. ಈಗ ಎರಡೂ ಇಟ್ಟುಕೊಂಡಿದ್ದೇನೆ. ಮಳೆ ಶುರುವಾಗುವಾಗ ಚಿಕ್ಕದು, ದೀಪಾವಳಿ ಆದ ಮೇಲೆ ಕಂಪನಿಯದ್ದು. ಬದಲಾಯಿಸಲು ಮುಕ್ಕಾಲು ಗಂಟೆ ಸಾಕು. ಮೆಕ್ಯಾನಿಕ್ ಮೊದಲು ತಲೆ ಅಲ್ಲಾಡಿಸಿದ್ದ. ಈಗ ಅವನೇ ಇನ್ನಿಬ್ಬರಿಗೆ ಹಾಗೆ ಮಾಡಿಕೊಟ್ಟಿದ್ದಾನೆ.

ಸೀಟು 823 ಮಿಲಿಮೀಟರ್ ಎತ್ತರ. ನಾನು ಐದೂವರೆ ಅಡಿ. ಸೀಟಿನ ಸ್ಪಂಜನ್ನು ಮುಂಭಾಗದಲ್ಲಿ ಒಂದು ಇಂಚಿನಷ್ಟು ಕೆತ್ತಿಸಿ, ಎರಡೂ ಬದಿ ಸ್ವಲ್ಪ ಸವರಿಸಿದೆ. 900 ರೂಪಾಯಿ. ಈಗ ಎಡಗಾಲು ಪೂರ್ತಿ ಊರುತ್ತದೆ, ಬಲಗಾಲು ಬ್ರೇಕಿನ ಮೇಲೆ. ಅಷ್ಟು ಸಾಕು. 'ಎಂತಕ್ಕಾ ಮಾರಾಯಾ ಇಷ್ಟೆತ್ತರದ ಗಾಡಿ?' ಅಂತ ಜಡ್ಡಿಗದ್ದೆಯ ಹಿರಿಯರೊಬ್ಬರು ಕೇಳಿದ್ದರು. ಮೊನ್ನೆ ಹಳ್ಳ ಏರಿದ ದಿನ ಅವರ ಅಂಗಳಕ್ಕೇ ಹೋಗಿ ಇಳಿದೆ, ಕಷಾಯ ಕೊಟ್ಟರು. ಹಳ್ಳದ ವಿಷಯ ಬಂತಲ್ಲ, ನನ್ನ ಮಿತಿ ಮೊಣಕಾಲು. ನೀರು ಅದಕ್ಕಿಂತ ಮೇಲಿದ್ದರೆ, ಅಥವಾ ತಳ ಕಾಣದಷ್ಟು ಕೆಂಪಗಿದ್ದರೆ ಗಾಡಿ ಈಚೆ ದಡದಲ್ಲೇ, ನಾನು ಕಾಲುಸಂಕದ ಮೇಲೆ. ನೀರಲ್ಲಿ ಬಂದ್ ಬಿದ್ದರೆ ಸೆಲ್ಫ್ ಹೊಡೆಯಲೇಬಾರದು. ಮೊದಲು ದಂಡೆಗೆ ತಳ್ಳಿ, ಏರ್ ಫಿಲ್ಟರ್ ಬಿಚ್ಚಿ ನೋಡಬೇಕು.

ಗಂಬೂಟಿನ ಮೂತಿ ಗೇರ್ ಲಿವರ್ ಅಡಿ ಹೋಗುವುದಿಲ್ಲ, ಹಾಗಾಗಿ ಲಿವರನ್ನು ಅರ್ಧ ಇಂಚು ಉದ್ದ ಮಾಡಿಸಿದೆ. ಸೈಡ್ ಸ್ಟ್ಯಾಂಡು ಕೆಸರಿನಲ್ಲಿ ಹೂತುಹೋಗುತ್ತದೆ. ಅದಕ್ಕೆ ತಗಡು ವೆಲ್ಡ್ ಮಾಡಿಸಿದೆ, ಅದು ಚಿರೆಕಲ್ಲಿಗೆ ತಾಗಿ ಬಗ್ಗಿತು. ಈಗ ಎರಡು ಅಡಿಕೆ ಹಾಳೆ ಮಡಚಿ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡಿರುತ್ತೇನೆ. ಸ್ಟ್ಯಾಂಡಿನ ಅಡಿಗೆ ಒಂದು ಹಾಕಿದರೆ ಅಲ್ಲಾಡುವುದಿಲ್ಲ, ಹರಿದರೆ ಯಾವ ತೋಟದಲ್ಲಾದರೂ ಇನ್ನೊಂದು ಸಿಗುತ್ತದೆ. ಉಂಬಳಕ್ಕೆ (ಜಿಗಣೆಗೆ) ಉಪ್ಪು-ಹೊಗೆಸೊಪ್ಪಿನ ಪೊಟ್ಟಣ ಟ್ಯಾಂಕ್ ಬ್ಯಾಗಿನಲ್ಲಿ.

ಕೆಂಪು ಮಣ್ಣು ಚೈನನ್ನು ಸಾಣೆಕಲ್ಲಿನ ಹಾಗೆ ತಿನ್ನುತ್ತದೆ. ಅಂಟು ಅಂಟಾದ ಸ್ಪ್ರೇ ಮಳೆಗಾಲಕ್ಕೆ ಬೇಡವೇ ಬೇಡ, ಮಣ್ಣನ್ನು ಹಿಡಿದುಕೊಂಡು ಕೂರುತ್ತದೆ. ತೊಳೆದು, ಒರೆಸಿ, 90 ನಂಬರಿನ ಗೇರ್ ಆಯಿಲ್ ತೆಳ್ಳಗೆ ಸವರಿ. ವಾರಕ್ಕೊಮ್ಮೆ ಆದರೂ ಮಾಡಬೇಕು. ಮುಂದಿನ ಬ್ರೇಕ್ ಪ್ಯಾಡ್ ಬೇಸಿಗೆಯಲ್ಲಿ ಬಾಳುವುದರ ಅರ್ಧವೂ ಮಳೆಗಾಲದಲ್ಲಿ ಬಾಳುವುದಿಲ್ಲ. ಮುಂದಿನ ಫೋರ್ಕ್ ಸೀಲ್ ಸೋರುವುದು ಒಣಗಿದ ಮಣ್ಣಿನಿಂದ. ಮನೆಗೆ ಬಂದ ತಕ್ಷಣ ಬರೀ ನೀರು ಹೊಯ್ದು ಕೊಳವೆ ಒರೆಸಿದರೆ ಆ ಖರ್ಚು ಉಳಿಯುತ್ತದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಟೈರು, ಸೀಟು, ಕ್ಯಾರಿಯರ್, ಹ್ಯಾಂಡ್‌ಗಾರ್ಡ್, ಸ್ಪ್ರಾಕೆಟ್, ವೆಲ್ಡಿಂಗ್ ಎಲ್ಲಾ ಸೇರಿ 14-15 ಸಾವಿರ, ಸೋತ ಟೈರು ಬೇರೆ. ಸ್ಪ್ಲೆಂಡರ್ ಲೀಟರಿಗೆ 60ರ ಮೇಲೆ ಕೊಡುತ್ತಿತ್ತು. ಇದು ಪೇಟೆಯಲ್ಲಿ 36-38, ಕೆಸರಿನಲ್ಲಿ 30. ತಿಂಗಳಿಗೆ ಸಾವಿರ ಕಿಲೋಮೀಟರ್ ಅಂದರೆ ಪೆಟ್ರೋಲಿಗೆ 1,200-1,300 ರೂಪಾಯಿ ಜಾಸ್ತಿ, ವರ್ಷಕ್ಕೆ 15 ಸಾವಿರ. ಇದನ್ನೇ ಎಲ್ಲರೂ ಎತ್ತಿ ತೋರಿಸುತ್ತಿದ್ದರು. ಜೀಪಿನ ಬಾಡಿಗೆ ಯಾರೂ ಕಳೆಯಲಿಲ್ಲ ನೋಡಿ! ಈಗ ಜೀಪು ಬೇಕಾಗುವುದು ಬ್ಯಾಟರಿ ಸಾಗಿಸಲು ಮಾತ್ರ. 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ 55-60 ಕಿಲೋ ಇರುತ್ತದೆ, ಅದನ್ನು ಬೈಕಿಗೆ ಕಟ್ಟುವ ಮಾತೇ ಇಲ್ಲ. ಅಷ್ಟು ಬಿಟ್ಟರೂ ವರ್ಷಕ್ಕೆ ಆರೇಳು ಸಾವಿರ ಉಳಿಯುತ್ತಿದೆ. ಮೊದಲು ಮಳೆ ಬಿಡಲಿ ಅಂತ ಮುಂದೆ ಹಾಕುತ್ತಿದ್ದ ಕೆಲಸ ಅದೇ ದಿನ ಆಗುತ್ತಿದೆ, ಅದರ ದುಡ್ಡು ಬೇರೆ.

ನಿಮ್ಮ ಮಣ್ಣಿನ ದಾರಿ ವರ್ಷಕ್ಕೆ ನಾಲ್ಕು ಸಲ ಮಾತ್ರ ಆದರೆ ಸ್ಪ್ಲೆಂಡರೇ ಇಟ್ಟುಕೊಳ್ಳಿ, ಒಳ್ಳೆ ಟೈರು ಹಾಕಿಸಿ ಸಾಕು. ದಿನಾ ಇಬ್ಬರು ಹೋಗುವವರು, ಹಿಂದೆ ವಯಸ್ಸಾದವರನ್ನು ಕೂರಿಸಿಕೊಳ್ಳುವವರು ಸೀಟಿನ ಎತ್ತರ ಮನೆಯವರಿಗೇ ತೋರಿಸಿ ತೀರ್ಮಾನಿಸಿ. ತಗೊಳ್ಳುವುದೇ ಆದರೆ ಜೂನ್ ಕೊನೆ, ಜುಲೈನಲ್ಲಿ ತಗೊಳ್ಳಿ. ಬೇಸಿಗೆ ಟೂರ್ ಮುಗಿಸಿದವರು ಮಾರಲು ಇಟ್ಟಿರುತ್ತಾರೆ, ಕೇಳುವವರು ಕಮ್ಮಿ, ಐದಾರು ಸಾವಿರ ಇಳಿಯುತ್ತಾರೆ. ಎತ್ತುವ ಪರೀಕ್ಷೆಗೆ ಕೆಸರೂ ಅಲ್ಲೇ ಇರುತ್ತದೆ.