ಅಂಗನವಾಡಿಯಿಂದ ಎಂಟನೇ ತರಗತಿವರೆಗೆ: ಮಗುವಿನ ವಯಸ್ಸಿಗೆ ಒಪ್ಪುವ ಶಾಲೆ ರೂಪಿಸುವುದು ಹೇಗೆ?

ಜೂನ್ ಮೊದಲ ವಾರ. ನಾಲ್ಕನೇ ತರಗತಿಗೆ ಬಂದ ಹುಡುಗನೊಬ್ಬ ಬಾಗಿಲಲ್ಲೇ ನಿಂತುಬಿಟ್ಟ. ಮೂರು ವರ್ಷ ಅವನು ನಲಿ ಕಲಿಯಲ್ಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಪದ್ಧತಿಯಲ್ಲಿ, ಕಲಿಕೆಯ ಮೆಟ್ಟಿಲು ತೋರಿಸುವ ಏಣಿ ಚಾರ್ಟ್ ನೋಡಿ, ಕಾರ್ಡ್ ತೆಗೆದುಕೊಂಡು, ಗುಂಪಿನ ಗುರುತಿನ ತಟ್ಟೆಯ ಸುತ್ತ ಕೂತು ಕಲಿತವನು. ಇಲ್ಲಿ ನೋಡಿದರೆ ಸಾಲು ಬೆಂಚು, ಎದುರಿಗೆ ಕಪ್ಪು ಹಲಗೆ. ‘ಮಿಸ್, ನನ್ ತಟ್ಟೆ ಎಲ್ಲಿ?’ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆ ನನಗೊಂದು ವಿಷಯ ಕಲಿಸಿತು. ಮಕ್ಕಳು ಕಲಿಕೆಯಲ್ಲಿ ಹಿಂದೆ ಬೀಳುವುದು ತರಗತಿಯ ಒಳಗಿಗಿಂತ ಜಾಸ್ತಿ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವಾಗ. ಅಂಗನವಾಡಿಯಿಂದ ಒಂದನೇ ತರಗತಿಗೆ, ಮೂರರಿಂದ ನಾಲ್ಕಕ್ಕೆ, ಏಳು ಮುಗಿಸಿ ಹೈಸ್ಕೂಲಿನ ಎಂಟಕ್ಕೆ. ನಿಮ್ಮೂರ ಶಾಲೆಯ ಶಿಕ್ಷಕರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಕೂತು ಯೋಜನೆ ಮಾಡುವಾಗ ಈ ಮೂರು ದಾಟುಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ಹೀಗೆ ಮುಂದುವರಿಯಿರಿ.

1. ಮೂರರಿಂದ ಆರು ವರ್ಷ: ಮೊದಲು ಕೈ, ಆಮೇಲೆ ಪೆನ್ಸಿಲ್

ಹುಟ್ಟಿದಾಗ ಮಗುವಿನ ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಇನ್ನೂ ಮೆದುವಾಗಿಯೇ ಇರುತ್ತವೆ. ಅವು ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದು ಗಟ್ಟಿಯಾಗಲು ಶುರುವಾಗುವುದೇ ಸುಮಾರು 9ರಿಂದ 12ನೇ ವಯಸ್ಸಿನಲ್ಲಿ. ಹೀಗಿರುವಾಗ ಎಲ್‌ಕೆಜಿ ಮಗುವಿನ ಕೈಯಲ್ಲಿ ಪುಟಗಟ್ಟಲೆ ಅ ಆ ಇ ಈ ಬರೆಸುವುದು ಸರಿಯಲ್ಲ. ಎಷ್ಟೋ ತಂದೆ ತಾಯಿ ‘ಏನೂ ಬರೆಸೇ ಇಲ್ವಲ್ಲ’ ಅಂತ ಗಲಾಟೆ ಮಾಡುತ್ತಾರೆ, ಗೊತ್ತು. ಅವರನ್ನು ಒಂದು ದಿನ ಶಾಲೆಗೆ ಕರೆದು ತೋರಿಸಿ.

ಏನು ತೋರಿಸಬೇಕು? ಅವರೆಕಾಯಿ ಬಿಡಿಸುವ ಮಗುವಿನ ಬೆರಳನ್ನು. ಹೆಬ್ಬೆರಳು, ತೋರುಬೆರಳು ಸೇರಿಸಿ ಸಿಪ್ಪೆ ಒತ್ತುತ್ತದೆ, ಕಾಳು ಚಿಮ್ಮುತ್ತದೆ, ಮಗು ನಗುತ್ತದೆ. ನಾಳೆ ಪೆನ್ಸಿಲ್ ಹಿಡಿಯುವುದೂ ಅದೇ ಎರಡು ಬೆರಳಿನ ಬಲದಲ್ಲಿ. ಹೂ ಪೋಣಿಸುವುದು, ಮಣ್ಣು ಕಲಸುವುದು, ಹುಣಸೆ ಬೀಜ ಎಣಿಸಿ ಅಳಗುಳಿಮಣೆಗೆ ಹಾಕುವುದು, ಇವೆಲ್ಲ ಪಾಠವೇ. ದಿನಚರಿಯಲ್ಲಿ ಕತೆ, ಹಾಡು, ಹೊರಗಿನ ಆಟ, ಊಟ, ನಿದ್ದೆ ಇವಕ್ಕೆ ಜಾಗ ಇರಲಿ. ಕೂತು ಮಾಡುವ ಕೆಲಸ ಒಂದು ಸಲಕ್ಕೆ 15 ನಿಮಿಷ ದಾಟದಂತೆ ನೋಡಿಕೊಳ್ಳಿ.

ನಮ್ಮ ರಾಜ್ಯದ ಅಂಗನವಾಡಿ 1975ರಲ್ಲಿ ತಿ. ನರಸೀಪುರದಲ್ಲಿ ಶುರುವಾಯಿತು. ಅಷ್ಟು ಹಳೆಯ ವ್ಯವಸ್ಥೆ ನಮ್ಮ ಕೈಯಲ್ಲಿದೆ. ಒಂದನೇ ತರಗತಿಯ ಟೀಚರ್ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಿ ಮಕ್ಕಳ ಜೊತೆ ಕೂತರೆ, ಜೂನ್‌ನಲ್ಲಿ ಆ ಮಕ್ಕಳಿಗೆ ಅವರ ಮುಖ ಹೊಸದಾಗಿರುವುದಿಲ್ಲ. ಮೊದಲ ದಾಟು ಅಷ್ಟಕ್ಕೇ ಅರ್ಧ ಸಲೀಸಾಗುತ್ತದೆ.

2. ಒಂದರಿಂದ ಮೂರನೇ ತರಗತಿ: ಅಕ್ಷರಕ್ಕೆ ಅವಸರ ಬೇಡ

ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಎಂದು ನೋಡುತ್ತದೆ. ಅಂದರೆ ಒಂದನೇ ತರಗತಿಗೆ ಬಂದ ಕೂಡಲೇ ಆಟ ನಿಲ್ಲಬಾರದು.

ಇಲ್ಲಿ ನಮಗೆ ನಮ್ಮದೇ ಮಾದರಿ ಇದೆ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಕಾರ್ಡು ಪದ್ಧತಿಯನ್ನು ನೋಡಿಬಂದ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ನಲಿ ಕಲಿ ಶುರು ಮಾಡಿದರು. ಅದು ಅಕ್ಷರಮಾಲೆಯ ಕ್ರಮದಲ್ಲಿ ಹೋಗುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ. ಐದೇ ಅಕ್ಷರ. ಕಾಗುಣಿತ ಬೇಡ, ಒತ್ತು ಬೇಡ. ಆದರೆ ಮಗು ಆಗಲೇ ಸರ, ಅರಸ, ಅಗಸ, ಗರಗಸ ಓದುತ್ತದೆ. ‘ಗರಗಸ’ ಅಂತ ತಾನೇ ಓದಿ, ಅಪ್ಪನ ಮರಗೆಲಸದ ಗರಗಸ ನೆನಪಾಗಿ ಎದ್ದು ಕುಣಿದ ಮಗುವನ್ನು ನಾನು ನೋಡಿದ್ದೇನೆ.

ಕನ್ನಡ ಲಿಪಿಯ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ರೂಪ. ಒತ್ತಕ್ಷರ ಬೇರೆ. ಮೂರನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ದಡ್ಡತನ ಅಲ್ಲ. ಇನ್ನಷ್ಟು ಸಮಯ ಬೇಕು, ಅಷ್ಟೇ. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಮಾತಾಡುವ ಮಗುವಾದರೆ ಮೊದಲು ಮಾತು ಬೆಳೆಯಲಿ. ಅದು ತನ್ನ ಭಾಷೆಯಲ್ಲೇ ಕತೆ ಹೇಳಲಿ, ತಡೆಯಬೇಡಿ.

3. ನಾಲ್ಕು, ಐದು: ಬೆಂಚು ನಿಧಾನವಾಗಿ ಬರಲಿ

ಆ ಹುಡುಗನ ಪ್ರಶ್ನೆಗೆ ನಾವು ಮಾರನೇ ವರ್ಷ ಮಾಡಿದ್ದು ಇಷ್ಟು. ನಾಲ್ಕನೇ ತರಗತಿಯ ಜೂನ್, ಜುಲೈ ಪೂರ್ತಿ ಬೆಳಗಿನ ಒಂದು ಗಂಟೆ ನೆಲದ ಮೇಲೆ ಗುಂಪಿನಲ್ಲೇ ಕಲಿಕೆ. ತಟ್ಟೆಗಳನ್ನೇ ಆ ಕೋಣೆಗೆ ತಂದೆವು. ಪಠ್ಯಪುಸ್ತಕ ಹಿಡಿದು ಓದುವುದನ್ನು ದಿನಕ್ಕಿಷ್ಟು ಅಂತ ಹೆಚ್ಚಿಸಿದೆವು. ಆಗಸ್ಟ್ ಹೊತ್ತಿಗೆ ಮಕ್ಕಳೇ ‘ಬೆಂಚಲ್ಲಿ ಕೂರ್ತೀವಿ ಮಿಸ್’ ಅಂದರು.

ಈ ವಯಸ್ಸಿನ ಮಕ್ಕಳಿಗೆ ಅಳೆಯುವುದು, ಗುಂಪು ಮಾಡುವುದು, ಪಟ್ಟಿ ಬರೆಯುವುದು ಅಂದರೆ ಪ್ರಾಣ. ಕಣ್ಣಿಗೆ ಕಾಣುವ ವಸ್ತು ಮಾತ್ರ ಜೊತೆಗಿರಬೇಕು. ಭಿನ್ನರಾಶಿಗೆ ರೊಟ್ಟಿ ಹರಿಯಿರಿ. ಲೀಟರಿಗೆ ಬಿಸಿಯೂಟದ ಅಡುಗೆಮನೆಗೆ ಕರೆದುಕೊಂಡು ಹೋಗಿ.

4. ಆರರಿಂದ ಎಂಟು: ಅಭಿಪ್ರಾಯ ಕೇಳಿ

ಹನ್ನೊಂದು, ಹನ್ನೆರಡಕ್ಕೆ ಮಕ್ಕಳ ತಲೆಯಲ್ಲಿ ‘ಹೀಗಾದರೆ ಏನಾಗುತ್ತದೆ?’ ಎಂಬ ಯೋಚನೆ ಶುರುವಾಗುತ್ತದೆ. ಕಾಣದ್ದನ್ನೂ ಊಹಿಸಬಲ್ಲರು. ಋಣ ಸಂಖ್ಯೆಗೆ ಊರಿನ ಬೋರ್‌ವೆಲ್ಲೇ ಸಾಕು. ನೆಲ ಸೊನ್ನೆ, ನೀರಿನ ಮಟ್ಟ ಅದರ ಕೆಳಗೆ ಎಷ್ಟು ಅಡಿ, ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು. ಮಕ್ಕಳೇ ಕೇಳಿ ಬರೆದುಕೊಂಡು ಬರಲಿ. ಅದನ್ನೇ ಮಕ್ಕಳ ಗ್ರಾಮಸಭೆಯಲ್ಲಿ ಇಡಲಿ.

ದೇಹವೂ ಬದಲಾಗುವ ಕಾಲ ಇದು. ಮುಟ್ಟಿನ ಬಗ್ಗೆ ಹುಡುಗಿಯರಿಗೂ ಹುಡುಗರಿಗೂ ಆರನೇ ತರಗತಿಯಲ್ಲೇ ಸರಳವಾಗಿ ಹೇಳಿ. ಬಾಗಿಲು, ಚಿಲಕ, ನೀರು ಸರಿ ಇರುವ ಶೌಚಾಲಯ ಇಲ್ಲದಿದ್ದರೆ ಎಷ್ಟು ಚೆಂದದ ಪಠ್ಯಕ್ರಮ ಇದ್ದರೂ ಹುಡುಗಿ ತಿಂಗಳಿಗೆ ಮೂರು ದಿನ ಮನೆಯಲ್ಲೇ ಉಳಿಯುತ್ತಾಳೆ. ಯೋಜನೆಯ ಪಟ್ಟಿಯಲ್ಲಿ ಕಂಪ್ಯೂಟರ್‌ಗಿಂತ ಮೇಲೆ ಚಿಲಕ ಬರಲಿ.

5. ಬ್ಯಾಗು, ಹೋಮ್‌ವರ್ಕ್

2020ರ ಶಾಲಾ ಬ್ಯಾಗ್ ನೀತಿ ಇದನ್ನು ಬಿಡಿಸಿ ಹೇಳಿದೆ. ಬ್ಯಾಗು ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಎರಡನೇ ತರಗತಿವರೆಗೆ ಹೋಮ್‌ವರ್ಕ್ ಇಲ್ಲ. ಮೂರರಿಂದ ಐದಕ್ಕೆ ವಾರಕ್ಕೆ 2 ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ ಗರಿಷ್ಠ. ಇದನ್ನು ಪ್ರಿಂಟ್ ತೆಗೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ.

6. ಕೈಬದಲು ಸಭೆ

ಪ್ರತಿ ಮಾರ್ಚ್‌ನಲ್ಲಿ ಮೂರು ಸಭೆ ಕರೆಯಿರಿ. ಅಂಗನವಾಡಿ ಕಾರ್ಯಕರ್ತೆ ಮತ್ತು ಒಂದನೇ ತರಗತಿಯ ಟೀಚರ್. ಮೂರು ಮತ್ತು ನಾಲ್ಕನೇ ತರಗತಿಯವರು. ಏಳನೇ ತರಗತಿಯವರು ಮತ್ತು ಹತ್ತಿರದ ಹೈಸ್ಕೂಲಿನವರು. ಒಬ್ಬೊಬ್ಬ ಮಗುವಿನ ಬಗ್ಗೆ ಎರಡು ನಿಮಿಷ ಮಾತಾಡಿ. ಅಂಕ ಹೇಳಬೇಡಿ. ಯಾವುದರಲ್ಲಿ ಖುಷಿ, ಯಾವುದಕ್ಕೆ ಭಯ, ಮನೆಯಲ್ಲಿ ಯಾರಿದ್ದಾರೆ, ಯಾರ ಪಕ್ಕ ಕೂತರೆ ಬಾಯಿ ಬಿಡುತ್ತದೆ, ಇಷ್ಟು ಹೇಳಿ. 30 ಮಕ್ಕಳಿಗೆ ಒಂದು ಗಂಟೆ ಆಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಜೂನ್ ಮೊದಲ ದಿನ ಅದನ್ನು ತೆರೆದು ಓದಿಕೊಂಡು ಒಳಗೆ ಹೋಗಿ.