'ಬಾಡಿ ಆ್ಯಂಡ್ ಸೋಲ್' ಕೇಳುವ ಕ್ರಮ: ಒಂದು ಜಾಝ್ ಹಾಡಿನ ಧ್ವನಿಮುದ್ರಣಗಳ ಜಾಡು ಹಿಡಿಯುವುದು

ಜಾಝ್ ಸಂಗೀತವನ್ನು ಹೊಸದಾಗಿ ಕೇಳತೊಡಗಿದವರು ಬಹುಬೇಗ ಒಂದು ತೊಡಕನ್ನು ಎದುರಿಸುತ್ತಾರೆ. ಮೊಬೈಲಿನಲ್ಲಿ ಒಂದು ಹಾಡಿನ ಹೆಸರನ್ನು ಹುಡುಕಿದರೆ ಅದೇ ಹೆಸರಿನ ನೂರಾರು ಧ್ವನಿಮುದ್ರಣಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದರಲ್ಲಿ ಹಾಡುವವರಿರುತ್ತಾರೆ, ಇನ್ನೊಂದರಲ್ಲಿ ಬರಿಯ ಪಿಯಾನೊ ಇರುತ್ತದೆ, ಮತ್ತೊಂದರಲ್ಲಿ ಮೂಲ ಹಾಡಿನ ಗುರುತೇ ಸಿಗುವುದಿಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರಗಳಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ತೀರ ಅಪರಿಚಿತವಾದ ಸಂಗತಿಯೇನೂ ಅಲ್ಲ. ಪ್ರಸಂಗದ ಪದ್ಯ ಒಂದೇ, ಭಾಗವತರು ಅದನ್ನು ಹಾಡಿ ಮುಗಿಸುತ್ತಾರೆ, ಆಮೇಲೆ ಅರ್ಥಧಾರಿ ಅದರ ಮೇಲೆ ಕಟ್ಟುವ ಮಾತು ಮಾತ್ರ ಆ ರಾತ್ರಿಯದು, ಆ ಮನುಷ್ಯನದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇನ್ನೊಬ್ಬರ ವಾಲಿಯನ್ನು ಕೇಳುವಾಗ ಪದ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಕೇಳುತ್ತಾರೆ. ಜಾಝ್‌ನಲ್ಲಿ 'ಸ್ಟ್ಯಾಂಡರ್ಡ್' ಎಂದು ಕರೆಯುವುದು ಇಂಥ ಪದ್ಯವನ್ನೇ: ಎಲ್ಲ ವಾದಕರಿಗೂ ಬಾಯಿಪಾಠವಾಗಿರುವ, ಯಾರು ಬೇಕಾದರೂ ಎತ್ತಿಕೊಂಡು ತಮ್ಮ ಅರ್ಥವನ್ನು ಹೇಳಬಹುದಾದ ಹಾಡು.

ಕಲಿಕೆಗೆ ಒಂದೇ ಹಾಡನ್ನು ಆರಿಸಿಕೊಳ್ಳಬೇಕು. ನನ್ನ ಸಲಹೆ 'ಬಾಡಿ ಆ್ಯಂಡ್ ಸೋಲ್'. ಇದರ ಸ್ವರ ಸಂಯೋಜಕ ಜಾನಿ ಗ್ರೀನ್, ಸಾಹಿತ್ಯ ಎಡ್ವರ್ಡ್ ಹೇಮನ್, ರಾಬರ್ಟ್ ಸೌರ್ ಮತ್ತು ಫ್ರ್ಯಾಂಕ್ ಐಟನ್ ಅವರದು. ಗರ್ಟ್ರೂಡ್ ಲಾರೆನ್ಸ್ ಎಂಬ ನಟಿಗಾಗಿ ಬರೆದ ಈ ಹಾಡು ಮೊದಲು ಲಂಡನ್‌ನಲ್ಲಿ ಜನಪ್ರಿಯವಾಯಿತು. ಅದೇ ವರ್ಷ, ಅಂದರೆ 1930ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 'ಥ್ರೀಸ್ ಎ ಕ್ರೌಡ್' ಎಂಬ ಪ್ರದರ್ಶನದಲ್ಲಿ ಲಿಬ್ಬಿ ಹೋಲ್ಮನ್ ಇದನ್ನು ಹಾಡಿದರು. ಕೈಕೊಟ್ಟ ಪ್ರೀತಿಯ ಮುಂದೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳುವ ವ್ಯಕ್ತಿಯ ಅಳಲು ಇದರ ವಸ್ತು. ಸಾಹಿತ್ಯದ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು, ಏಕೆಂದರೆ ಜಾಝ್ ವಾದಕರನ್ನು ಸೆಳೆದದ್ದು ಇದರ ಮಾತಿಗಿಂತ ಹೆಚ್ಚಾಗಿ ಇದರ ಸ್ವರಗಳ ನಡೆ.

ಆ ನಡೆಯನ್ನು ಮೊದಲು ಕೈಗೆ ತಂದುಕೊಳ್ಳಬೇಕು. ಇದನ್ನು ಬಿಟ್ಟು ಮುಂದೆ ಹೋದವರು ಐವತ್ತು ಧ್ವನಿಮುದ್ರಣ ಕೇಳಿದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಕಾಣಲಾರರು. ಹಾಡಿನ ಒಂದು ಸುತ್ತಿನಲ್ಲಿ 32 ಬಾರ್‌ಗಳಿವೆ; ಒಂದು ಬಾರ್ ಎಂದರೆ ನಾಲ್ಕು ಮಾತ್ರೆ. ಹಿಂದೂಸ್ತಾನಿ ಸಂಗೀತದ ಅಭ್ಯಾಸವಿದ್ದವರು, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಥವರು ಬಹಳ ಮಂದಿ ಇದ್ದಾರೆ, ಇದನ್ನು ತೀನ್‌ತಾಲದಲ್ಲಿ ಎಣಿಸಬಹುದು. ಒಟ್ಟು 128 ಮಾತ್ರೆಗಳೆಂದರೆ ಹದಿನಾರು ಮಾತ್ರೆಯ ತೀನ್‌ತಾಲದ ಸರಿಯಾಗಿ ಎಂಟು ಆವರ್ತನ. ಮೊದಲ ಎರಡು ಆವರ್ತನದಲ್ಲಿ ಮುಖ್ಯ ಸಾಲು ಬರುತ್ತದೆ, ಮುಂದಿನ ಎರಡರಲ್ಲಿ ಅದೇ ಸಾಲು ಮತ್ತೆ ಬರುತ್ತದೆ, ಐದನೆಯ ಮತ್ತು ಆರನೆಯ ಆವರ್ತನದಲ್ಲಿ 'ಬ್ರಿಜ್' ಎಂಬ ಬೇರೆ ಭಾಗ ಬರುತ್ತದೆ, ಕೊನೆಯ ಎರಡರಲ್ಲಿ ಮುಖ್ಯ ಸಾಲಿಗೆ ಮರಳುವುದು. ಬಂದಿಶ್‌ನಲ್ಲಿ ಸ್ಥಾಯಿ ಹಾಡಿ, ಅಂತರಾಕ್ಕೆ ಹೋಗಿ, ಮತ್ತೆ ಸ್ಥಾಯಿಗೆ ಬರುವ ಅನುಭವ ಇದ್ದವರಿಗೆ ಇದು ಕಷ್ಟವಾಗುವುದಿಲ್ಲ.

ಈಗ ಮನೆಯಲ್ಲಿರುವ ಹಾರ್ಮೋನಿಯಂ ಮುಂದೆ ಕುಳಿತುಕೊಳ್ಳಬೇಕು. ಜಾಝ್ ವಾದಕರು ಸಾಮಾನ್ಯವಾಗಿ ಈ ಹಾಡನ್ನು ನುಡಿಸುವ ಶ್ರುತಿ ನಮ್ಮ ಲೆಕ್ಕದಲ್ಲಿ ಕಪ್ಪು ಒಂದು. ಕಪ್ಪು ಒಂದನ್ನು ಷಡ್ಜವಾಗಿಟ್ಟುಕೊಂಡು ಒತ್ತಿ ಹಿಡಿದು ನಾಲ್ಕು ಆವರ್ತನ ಎಣಿಸಿ. ಮುಖ್ಯ ಸಾಲು ಈ ಮನೆಯದು. ಆದರೆ ಅದು ಷಡ್ಜದ ನೆಲೆಯಿಂದ ಹೊರಡುವುದಿಲ್ಲ, ರಿಷಭವನ್ನು, ಅಂದರೆ ಕಪ್ಪು ಎರಡನ್ನು ಆಧಾರವಾಗಿಟ್ಟ ಸ್ವರಗುಚ್ಛದಿಂದ (ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗುಂಪು, ಇಂಗ್ಲಿಷಿನ 'ಕಾರ್ಡ್') ಹೊರಟು ಮನೆಗೆ ಬರುತ್ತದೆ. ಹಾಡು ಶುರುವಾಗುವಾಗಲೇ ಯಾರೋ ಮಾತಿನ ನಡುವೆ ಒಳಗೆ ಬಂದಂತೆ ಅನ್ನಿಸುವುದು ಈ ಕಾರಣದಿಂದ. ಐದನೆಯ ಆವರ್ತನ ಬಂದಾಗ ಬೆರಳನ್ನು ಅರ್ಧ ಸ್ವರ ಮೇಲಕ್ಕೆ, ಬಿಳಿ ಎರಡಕ್ಕೆ ಸರಿಸಿ. ಬ್ರಿಜ್‌ನ ಮೊದಲ ನಾಲ್ಕು ಬಾರ್‌ಗಳಲ್ಲಿ ಷಡ್ಜವೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಆರನೆಯ ಆವರ್ತನದಲ್ಲಿ ಷಡ್ಜ ಬಿಳಿ ಒಂದಕ್ಕೆ ಇಳಿಯುತ್ತದೆ. ಅಲ್ಲಿಂದ ಬಿಳಿ ಏಳು, ಕಪ್ಪು ಐದು ಎಂದು ಅರ್ಧರ್ಧ ಸ್ವರ ಜಾರುತ್ತ ಬಂದು ಮುಖ್ಯ ಸಾಲಿನ ಬಾಗಿಲು ತೆರೆಯುತ್ತದೆ. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ ಅಲುಗದ ಕಾರಣ ಈ ಸರಿದಾಟ ಮೊದಲಿಗೆ ಕಿವಿಗೆ ಅಪಸ್ವರವೆಂದೇ ಕೇಳಿಸೀತು. ಎರಡು ದಿನ ಬೆಳಿಗ್ಗೆ ಹತ್ತು ಹತ್ತು ನಿಮಿಷ ಬರಿಯ ಈ ಮೂರು ಷಡ್ಜಗಳನ್ನು ತಾಳದೊಂದಿಗೆ ಹಿಡಿದು ಕೂತರೆ, ಕಪ್ಪು ಒಂದಕ್ಕೆ ಮರಳುವ ಗಳಿಗೆಯಲ್ಲಿ ಮನಸ್ಸಿಗೆ ಆಗುವ ನಿರಾಳ ತಾನಾಗಿ ತಿಳಿಯುತ್ತದೆ. ಹಾಡುಗಾರರು ತಮ್ಮ ಕಂಠಕ್ಕೆ ತಕ್ಕಂತೆ ಶ್ರುತಿ ಬದಲಿಸುತ್ತಾರೆ, ಆದರೆ ಅರ್ಧ ಸ್ವರ ಏರಿ, ಒಂದು ಸ್ವರ ಇಳಿದು, ಮನೆಗೆ ಬರುವ ಲೆಕ್ಕ ಬದಲಾಗುವುದಿಲ್ಲ.

ಕೇಳುವುದನ್ನು ಕಾಲಕ್ರಮದಲ್ಲಿಯೇ ನಡೆಸಬೇಕು. ಮೊದಲು ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ 1930ರ ಧ್ವನಿಮುದ್ರಣ. ಹಾಡು ಹುಟ್ಟಿದ ವರ್ಷದಲ್ಲೇ ಅವರು ಅದನ್ನು ಜಾಝ್ ಆಗಿ ತಿರುಗಿಸಿಕೊಂಡದ್ದನ್ನು ಇಲ್ಲಿ ಗಮನಿಸಬಹುದು. ಬಳಿಕ 1935ರ ಬೆನ್ನಿ ಗುಡ್‌ಮನ್ ಟ್ರಯೊ: ಕ್ಲಾರಿನೆಟ್‌ನಲ್ಲಿ ಗುಡ್‌ಮನ್, ಪಿಯಾನೊದಲ್ಲಿ ಟೆಡ್ಡಿ ವಿಲ್ಸನ್, ಡ್ರಮ್ಸ್‌ನಲ್ಲಿ ಜೀನ್ ಕ್ರೂಪಾ. ಬಿಳಿಯರು ಮತ್ತು ಕರಿಯರು ಒಂದೇ ಮೇಳದಲ್ಲಿ ಕೂರುವುದು ಅಮೆರಿಕದಲ್ಲಿ ಸುಲಭವಾಗಿಲ್ಲದ ಕಾಲದಲ್ಲಿ ಇವರು ಒಟ್ಟಿಗೆ ನುಡಿಸಿದರು, ಮೂರೇ ವಾದ್ಯಗಳಾದ್ದರಿಂದ ಹಾಡಿನ ಎಲುಬುಗಳು ಇಲ್ಲಿ ಬಹಳ ಸ್ಪಷ್ಟವಾಗಿ ಕೇಳಿಸುತ್ತವೆ. 1938ರಲ್ಲಿ ಚೂ ಬೆರಿ ಮತ್ತು ರಾಯ್ ಎಲ್ಡ್ರಿಜ್ ಮುದ್ರಿಸಿದ್ದನ್ನು ಬಿಡಬಾರದು. ಬೆರಿಯ ಸ್ಯಾಕ್ಸೊಫೋನ್ ನಿಧಾನವಾಗಿ ಸಾಗಿದ ಮೇಲೆ ಎಲ್ಡ್ರಿಜ್‌ನ ಟ್ರಂಪೆಟ್ ಬರುವಾಗ ಲಯ ಎರಡು ಪಟ್ಟಾಗುತ್ತದೆ. ಕೈಯ ತಾಳವನ್ನು ಮಾತ್ರ ಮೊದಲಿನ ವೇಗದಲ್ಲೇ ಇಡಬೇಕು. ಒಳಗಿನ ಸ್ವರಗುಚ್ಛಗಳು ಹಳೆಯ ವೇಗದಲ್ಲೇ ಸಾಗುತ್ತಿರುವುದು ಆಗ ತಿಳಿಯುತ್ತದೆ.

ಇವಿಷ್ಟನ್ನು ಕೇಳಿದ ಮೇಲೆಯೇ ಕೋಲ್ಮನ್ ಹಾಕಿನ್ಸ್‌ಗೆ ಬರಬೇಕು. ಐದು ವರ್ಷ ಯುರೋಪಿನಲ್ಲಿದ್ದು ಅಮೆರಿಕಕ್ಕೆ ಮರಳಿದ್ದ ಹಾಕಿನ್ಸ್, 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಬ್ಲೂಬರ್ಡ್ ಕಂಪನಿಗಾಗಿ ಇದನ್ನು ಟೆನರ್ ಸ್ಯಾಕ್ಸೊಫೋನ್‌ನಲ್ಲಿ ನುಡಿಸಿದರು. ಪಿಯಾನೊದ ಚಿಕ್ಕ ಪೀಠಿಕೆಯಾದ ಬಳಿಕ ಇರುವುದು ಎರಡೇ ಸುತ್ತು, ಅಂದರೆ 64 ಬಾರ್. ಹತ್ತು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದೇ ಸುಮಾರು ಮೂರು ನಿಮಿಷ. ಅಬ್ದುಲ್ ಕರೀಂ ಖಾನರಂಥವರು ರಾಗವನ್ನು ಅಷ್ಟರಲ್ಲೇ ತೋರಿಸಬೇಕಾಗಿದ್ದ ಕಾಲ ಅದು. ಹಾಕಿನ್ಸ್ ಮೂಲ ಸಾಲನ್ನು ಮೊದಲ ಕೆಲವು ಬಾರ್‌ಗಳಲ್ಲಿ ಮಾತ್ರ ಮುಟ್ಟುತ್ತಾರೆ. ಆಮೇಲೆ ಇಡೀ ಧ್ವನಿಮುದ್ರಣದಲ್ಲಿ ಹಾಡಿನ ಧಾಟಿ ಮತ್ತೆ ನೇರವಾಗಿ ಬರುವುದೇ ಇಲ್ಲ. ಅದರ ಕೆಳಗಿನ ಸ್ವರಗುಚ್ಛಗಳ ಮೇಲೆ ಅವರು ಹೊಸ ಮಾತನ್ನೇ ಕಟ್ಟುತ್ತ, ಎರಡನೆಯ ಸುತ್ತಿನಲ್ಲಿ ದನಿ ಏರಿಸುತ್ತ ಹೋಗುತ್ತಾರೆ. ಪದ್ಯದ ಮೊದಲ ಪದವನ್ನಷ್ಟೇ ಎತ್ತಿಕೊಂಡು, ಮಿಕ್ಕದ್ದನ್ನೆಲ್ಲ ಪಾತ್ರದ ಮನಸ್ಸಿನಿಂದಲೇ ತೆಗೆದು ಹೇಳುವ ಅರ್ಥಧಾರಿಯ ಧೈರ್ಯ ಇದು. ಕುಣಿಯಲು ಬಾರದ ಈ ತಟ್ಟೆಯನ್ನು ಸಾಮಾನ್ಯ ಜನ ಕೊಂಡು ಕೇಳಿದರು ಎಂಬುದು ನನಗೆ ಇಂದಿಗೂ ಸಂತೋಷದ ವಿಷಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ ಇದನ್ನು ಸೇರಿಸಿದೆ. ಎಡ್ಡಿ ಜೆಫರ್ಸನ್ ಎಂಬ ಗಾಯಕ ಹಾಕಿನ್ಸ್ ನುಡಿಸಿದ ಸ್ವರಗಳಿಗೇ ಸಾಹಿತ್ಯ ಹೊಂದಿಸಿ ಹಾಡಿದರು. ಹಾಡಿನ ಮೇಲೆ ಕಟ್ಟಿದ ಮಾತೇ ಮತ್ತೊಂದು ಹಾಡಾಯಿತು.

ಹಾಕಿನ್ಸ್ ಆದ ಮೇಲೆ ಯಾರೇ ಟೆನರ್ ಸ್ಯಾಕ್ಸೊಫೋನ್ ಹಿಡಿದು ಈ ಹಾಡಿಗೆ ಕೈ ಹಾಕಿದರೂ ಹಾಕಿನ್ಸ್‌ಗೆ ಉತ್ತರ ಕೊಡಲೇಬೇಕಾಯಿತು. ಜಾನ್ ಕಾಲ್ಟ್ರೇನ್ 1960ರಲ್ಲಿ ಕೊಟ್ಟ ಉತ್ತರ ಎಲ್ಲಕ್ಕಿಂತ ಗಟ್ಟಿಯಾದುದು ಎಂದು ನನ್ನ ಅಭಿಪ್ರಾಯ. ಮುಖ್ಯ ಸಾಲಿನಲ್ಲಿ ಮೆಕಾಯ್ ಟೈನರ್ ಪಿಯಾನೊದಲ್ಲಿ ಒಂದೇ ಆಕೃತಿಯನ್ನು ಮರುಮರಳಿ ನುಡಿಸುತ್ತ ಶ್ರುತಿಪೆಟ್ಟಿಗೆಯಂಥ ನೆಲೆ ಒದಗಿಸುತ್ತಾರೆ. ಬ್ರಿಜ್‌ನಲ್ಲಿ ಕಾಲ್ಟ್ರೇನ್ ತಮ್ಮದೇ ಆದ ಹೊಸ ಸ್ವರಗುಚ್ಛಗಳನ್ನು ತುಂಬುತ್ತಾರೆ. ಬಿಳಿ ಎರಡು, ಬಿಳಿ ಒಂದು ಎಂದು ಹಾರ್ಮೋನಿಯಂ ಮೇಲೆ ಅಭ್ಯಾಸ ಮಾಡಿಕೊಂಡವರಿಗೆ ಮಾತ್ರ ಅಲ್ಲಿ ಏನು ಬದಲಾಯಿತೆಂದು ಗೊತ್ತಾಗುತ್ತದೆ.

ಬೇರೆ ವಾದ್ಯಗಳ ದಾರಿಯೂ ಇದೆ. 1940ರಲ್ಲಿ ಡ್ಯೂಕ್ ಎಲಿಂಗ್ಟನ್ ಪಿಯಾನೊದಲ್ಲಿ ಮತ್ತು ಜಿಮ್ಮಿ ಬ್ಲಾಂಟನ್ ಡಬಲ್ ಬಾಸ್‌ನಲ್ಲಿ ಇಬ್ಬರೇ ಮುದ್ರಿಸಿದ್ದರಲ್ಲಿ, ಹಿಮ್ಮೇಳದ ವಾದ್ಯವಾಗಿದ್ದ ಬಾಸ್ ಮುಮ್ಮೇಳಕ್ಕೆ ಬರುತ್ತದೆ. ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬಾರದು, ಇಯರ್‌ಫೋನ್ ಬೇಕೇ ಬೇಕು. ಆಷಾಢದ ಮಳೆ ಹಂಚಿನ ಮಾಡಿನ ಮೇಲೆ ಹೊಡೆಯುತ್ತಿರುವಾಗಲಂತೂ ಬ್ಲಾಂಟನ್ ಕೇಳಿಸುವುದೇ ಇಲ್ಲ. ಥೆಲೋನಿಯಸ್ ಮಂಕ್ 1962ರಲ್ಲಿ ಒಬ್ಬರೇ ಪಿಯಾನೊದಲ್ಲಿ ನುಡಿಸಿದ್ದು ತುಂಬ ಬಿಡುವುಳ್ಳದ್ದು, ಮಳೆ ನಿಂತ ಹೊತ್ತಿಗೆ ಇಟ್ಟುಕೊಳ್ಳಿ. 2008ರಲ್ಲಿ ಎಸ್ಪೆರಾನ್ಸಾ ಸ್ಪಾಲ್ಡಿಂಗ್ ಸ್ಪ್ಯಾನಿಷ್ ಭಾಷೆಯಲ್ಲಿ, ಬಾರ್‌ಗೆ ಐದು ಮಾತ್ರೆಯ ಲಯದಲ್ಲಿ ಹಾಡಿದ್ದಾರೆ. ಅಲ್ಲಿ ತೀನ್‌ತಾಲ ಬಿಟ್ಟು ಝಪತಾಲದ ಅರ್ಧವನ್ನು ಒಂದು ಬಾರ್ ಎಂದು ಹಿಡಿದು ಎಣಿಸಬೇಕು. 2011ರ ಮಾರ್ಚಿನಲ್ಲಿ ಟೋನಿ ಬೆನೆಟ್ ಜೊತೆ ಏಮಿ ವೈನ್‌ಹೌಸ್ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಇದನ್ನು ಹಾಡಿದರು. ಅದು ವೈನ್‌ಹೌಸ್ ಅವರ ಕೊನೆಯ ಸ್ಟುಡಿಯೊ ಧ್ವನಿಮುದ್ರಣವಾಯಿತು, ಜುಲೈನಲ್ಲಿ ಅವರು ತೀರಿಕೊಂಡರು.

ವರ್ಷಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕುಮಟಾದ ಸ್ನೇಹಿತರೊಬ್ಬರ ಮನೆಯಲ್ಲಿ ಏಳೆಂಟು ಜನರಿಗೆ ಈ ಹಾಡಿನ ಇತಿಹಾಸವನ್ನು ಕೇಳಿಸಲು ನಾನು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಮೊಬೈಲಿನಲ್ಲಿ ಸಿಕ್ಕಿದ ಒಂದು ಸಂಗ್ರಹದಲ್ಲಿ ಕಾಣಿಸಿದ ವರ್ಷವನ್ನು ನಂಬಿ, ಗಾಯಕಿ ಬಿಲ್ಲಿ ಹಾಲಿಡೇ 1940ರಲ್ಲಿ ಹಾಡಿದ್ದೆಂದು ಹೇಳಿ ಹಚ್ಚಿದೆ. ಮೂಲೆಯಲ್ಲಿ ಕುಳಿತಿದ್ದ ಹಿರಿಯ ಹಾರ್ಮೋನಿಯಂ ವಾದಕರೊಬ್ಬರು ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿ, "ತಮ್ಮಾ, ಹಳೇ ತಟ್ಟೇಲಿ ಮೂರು ನಿಮಿಷದ ಮೇಲೆ ಹಿಡೀತಿಲ್ಲೆ, ಇದು ಆರು ನಿಮಿಷ ಹ್ಯಾಂಗೆ ಆತು?" ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ಹಾಲಿಡೇ ಈ ಹಾಡನ್ನು 1940ರಲ್ಲಿಯೂ 1957ರಲ್ಲಿಯೂ ಮುದ್ರಿಸಿದ್ದಾರೆ. ನಾನು ಹಚ್ಚಿದ್ದು ಎರಡನೆಯದು, ಹೆಚ್ಚು ಹೊತ್ತು ಹಿಡಿಯುವ ಲಾಂಗ್ ಪ್ಲೇ ತಟ್ಟೆ ಬಂದ ಮೇಲಿನದು. ಅಂದಿನಿಂದ ಮೊದಲು ಅವಧಿಯನ್ನು ನೋಡುವುದು ನನ್ನ ರೂಢಿ. ಲಾಂಗ್ ಪ್ಲೇ 1948ರಲ್ಲಿ ಬಂದಿತು; ಅದಕ್ಕಿಂತ ಹಳೆಯದೆಂದು ಹೇಳಿಕೊಳ್ಳುವ ಸ್ಟುಡಿಯೊ ಧ್ವನಿಮುದ್ರಣ ಐದಾರು ನಿಮಿಷ ಉದ್ದವಿದ್ದರೆ ಒಂದು ಸಲ ಅನುಮಾನಿಸಿ ಜೊತೆಯ ವಾದಕರ ಹೆಸರುಗಳನ್ನು ತಾಳೆ ನೋಡಬೇಕು. ಹಾಗೆಯೇ ಮುದ್ರಿಸಿದ ವರ್ಷ ಬೇರೆ, ಬಿಡುಗಡೆಯಾದ ವರ್ಷ ಬೇರೆ ಇರಬಹುದು: ಕಾಲ್ಟ್ರೇನ್‌ರ 1960ರ ಧ್ವನಿಮುದ್ರಣ ಕೇಳುಗರಿಗೆ ತಲುಪಿದ್ದು 1964ರಲ್ಲಿ. ಕಾಲಕ್ರಮ ಕಟ್ಟುವಾಗ ಮುದ್ರಿಸಿದ ವರ್ಷವನ್ನೇ ಹಿಡಿಯಬೇಕು. ಇದಕ್ಕಾಗಿ ಒಂದು ಉದ್ದ ಪುಸ್ತಕ ಇಟ್ಟು ಮುದ್ರಣದ ದಿನ, ವಾದ್ಯಗಳು, ಎಷ್ಟು ಸುತ್ತು, ಬ್ರಿಜ್‌ನಲ್ಲಿ ಏನಾಯಿತು ಎಂಬ ನಾಲ್ಕು ಸಂಗತಿಗಳನ್ನು ಮಾತ್ರ ಬರೆದರೆ ಸಾಕು; ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬರೆದ ಟಿಪ್ಪಣಿಗಳು ಆರು ತಿಂಗಳ ಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಕಾರವಾರದವರಿಗೆ ಇನ್ನೊಂದು ಅನುಕೂಲವಿದೆ. ಕಾಳಿ ನದಿ ದಾಟಿ ಮಾಜಾಳಿ ಕಳೆದರೆ ಗೋವಾ. ಅಲ್ಲಿನ ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತ ವಾದಕರು ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಹಿಂದಿ ಸಿನೆಮಾ ವಾದ್ಯಮೇಳಗಳಿಗೂ ಹೋದವರು. ಆರ್ಮ್‌ಸ್ಟ್ರಾಂಗ್‌ರನ್ನು ಆದರ್ಶವಾಗಿಟ್ಟುಕೊಂಡಿದ್ದ ಟ್ರಂಪೆಟ್ ವಾದಕ ಚಿಕ್ ಚಾಕೊಲೆಟ್ ಅಂಥವರಲ್ಲಿ ಒಬ್ಬರು. ನಿಮ್ಮ ಪರಿಚಯದಲ್ಲಿ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಹಿರಿಯರಿದ್ದರೆ ಈ ಹಾಡಿನ ಬ್ರಿಜ್ ನುಡಿಸಿ ತೋರಿಸಲು ವಿನಂತಿಸಿ. ಎದುರು ಕುಳಿತು ಒಂದು ಸಲ ಕೇಳಿದ್ದು ಇಯರ್‌ಫೋನಿನಲ್ಲಿ ಹತ್ತು ಸಲ ಕೇಳಿದ್ದಕ್ಕಿಂತ ಚೆನ್ನಾಗಿ ಮನಸ್ಸಿನಲ್ಲಿ ಉಳಿಯುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಹಾಕಿನ್ಸ್‌ನ 1939ರ ಧ್ವನಿಮುದ್ರಣವನ್ನು ಹಚ್ಚಿ, ಎರಡನೆಯ ಸುತ್ತು ಆರಂಭವಾಗುವಾಗ ನೀವು ಮೂಲ ಹಾಡಿನ ಧಾಟಿಯನ್ನು ಮೆಲ್ಲಗೆ ಗುನುಗತೊಡಗಿ. ಹಾಕಿನ್ಸ್ ಎಲ್ಲೆಲ್ಲೋ ಹೋಗುತ್ತಿರುತ್ತಾರೆ, ನೀವು ಕೈತಾಳ ಬಿಡದೆ ನಿಮ್ಮ ಸಾಲನ್ನು ಹಿಡಿದು ಸಾಗಬೇಕು. ಐದನೆಯ ಆವರ್ತನದಲ್ಲಿ ನಿಮ್ಮ ಗುನುಗು ಅರ್ಧ ಸ್ವರ ಮೇಲೇರುವ ಗಳಿಗೆಗೇ ಅವರ ಸ್ಯಾಕ್ಸೊಫೋನಿನ ಕೆಳಗಿನ ನೆಲವೂ ಮೇಲೇರುತ್ತದೆ. ತಪ್ಪಿದರೆ ಮೊದಲಿನಿಂದ ಹಚ್ಚಿ. ನನಗೆ ಅದು ಕೂಡಿಬಂದದ್ದು ನಾಲ್ಕನೆಯ ದಿನ.